ಮಳೆಗಾಲಕ್ಕೆ ನಿಲ್ಲಿಸೋ ಹಳೇ ಕಾರಿಗೆ ಇಲಿ ನುಗ್ಗದ ಹಾಗೆ ಏನು ಮಾಡಬೇಕು?

ಮಲೆನಾಡ_ಡಿಲೈಟ್
ಎಲ್ಲರಿಗೂ ನಮಸ್ಕಾರ. ಗಾಡಿ 1966ರ ಫಿಯಟ್ 1100 ಡಿಲೈಟ್. ಜಾಗ ತೀರ್ಥಹಳ್ಳಿ ಕಡೆ, ಹೆಂಚಿನ ಶೆಡ್. ಜೂನ್ ಮೊದಲ ವಾರ ಒಳಗೆ ಹೋದರೆ ಸೆಪ್ಟೆಂಬರ್ ಕೊನೆವರೆಗೆ ಹೊರಗೆ ತೆಗೆಯೋ ಹಾಗಿಲ್ಲ. ಶೆಡ್ಡಿನ ಒಂದು ಬದಿ ಅಡಿಕೆ ಚೀಲ, ಇನ್ನೊಂದು ಬದಿ ದನದ ಹಿಂಡಿ. ನೆಲ ಅರ್ಧ ಸಿಮೆಂಟು, ಅರ್ಧ ಮಣ್ಣು. ಸೀಟು ಹಳೇ ಕಾಲದ್ದೇ, ಸ್ಪ್ರಿಂಗು, ತೆಂಗಿನ ನಾರು, ಮೇಲೆ ರೆಕ್ಸಿನ್. ವೈರಿಂಗ್ ಈಗಷ್ಟೇ ಹೊಸದು.
ಹೊಗೆಸೊಪ್ಪು, ನುಸಿ ಗುಳಿಗೆ ಇಟ್ಟರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ಸಾಕಾ? ಕವರ್ ಹಾಕಬೇಕಾ, ಬೇಡವಾ? ಬಾನೆಟ್ ತೆರೆದಿಡಬೇಕಾ?

ಧಾರವಾಡದ_ಜೀಪ್
ಹೊಗೆಸೊಪ್ಪು ಇಡಬ್ಯಾಡ್ರಿ. ಮಳಿಗಾಲದಾಗ ತಂಪು ಹಿಡದು ವಾರದಾಗ ಬೂಷ್ಟು ಬರ್ತದ, ವಾಸನಿನೂ ಹೋಗ್ತದ. ಆಮ್ಯಾಲೆ ಇಲಿ ಅದನ್ನ ಎಳಕೊಂಡು ಹೋಗಿ ಗೂಡಿಗೆ ಹಾಸ್ತದ. ಮೊದಲ ಹಿಂಡಿ ಆ ಶೆಡ್ಡಿನಿಂದ ಹೊರಗ ತಗೀರಿ, ಉಳಿದದ್ದು ಆಮ್ಯಾಲೆ.

ಕರಾವಳಿ_ಹೆರಾಲ್ಡ್
ಹಿಂಡಿ ಇರುವ ಕಡೆ ಕಾರು ಇಟ್ಟು ಇಲಿ ಬರಬಾರದು ಅಂದರೆ ಹೇಗೆ ಮಾರಾಯ್ರೆ? ಊಟ ಒಂದು ಬದಿ, ಮಲಗುವ ಕೋಣೆ ಇನ್ನೊಂದು ಬದಿ. ಹಿಂಡಿಯನ್ನು ಮುಚ್ಚಳ ಇರುವ ಕಬ್ಬಿಣದ ಡ್ರಮ್ಮಿಗೆ ಹಾಕಿ. ಪ್ಲಾಸ್ಟಿಕ್ ಡ್ರಮ್ ಬೇಡ, ಹೆಗ್ಗಣ ಒಂದೇ ರಾತ್ರಿಯಲ್ಲಿ ತೂತು ಮಾಡ್ತದೆ.

ಸರ್ಕೀಟ್_ಸಾಹಿತಿ
ಮೊದಲು ಬಂದಿರೋದು ಯಾವುದು ಅಂತ ತಿಳ್ಕೊಳ್ಳಿ, ಆಮೇಲೆ ಉಪಾಯ. ಹಿಕ್ಕೆ ನೋಡಿದರೆ ಗೊತ್ತಾಗುತ್ತೆ. ಅಕ್ಕಿಕಾಳಿನಷ್ಟು, 3ರಿಂದ 6 ಮಿ.ಮೀ. ಇದ್ದು ತುದಿ ಚೂಪಾಗಿದ್ದರೆ ಸಣ್ಣ ಇಲಿ. ಸುಮಾರು 12 ಮಿ.ಮೀ. ಉದ್ದ, ಎರಡೂ ತುದಿ ಚೂಪು ಇದ್ದರೆ ಮಾಡಿನ ಮೇಲೆ ಓಡಾಡೋ ಕಪ್ಪಿಲಿ. ಅದಕ್ಕಿಂತ ದಪ್ಪ, ತುದಿ ಮೊಂಡು, ಜೊತೆಗೆ ನೆಲದಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ ಹೆಗ್ಗಣ. ಸೊಂಡಿಲಿ ಬಂದಿದ್ದರೆ ತಲೆ ಕೆಡಿಸ್ಕೋಬೇಡಿ. ಅದು ಹುಳ, ಜಿರಲೆ ತಿನ್ನೋ ಪ್ರಾಣಿ, ವೈರ್ ತಂಟೆಗೆ ಬರಲ್ಲ.
ಹಿಕ್ಕೆ ಸಿಗದಿದ್ದರೆ ಟಯರ್ ಸುತ್ತ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ ಬೆಳಿಗ್ಗೆ ನೋಡಿ. ಹೆಜ್ಜೆ ಕಾಣುತ್ತೆ, ನಡುವೆ ಬಾಲ ಎಳೆದ ಗೆರೆ ಕಾಣುತ್ತೆ. ಅಕ್ಕಿ ಹಿಟ್ಟು ಬೇಡ, ಅದನ್ನೇ ತಿಂದು ಹೋಗ್ತವೆ.

ಬೆಂಗಳೂರು_ಪದ್ಮಿನಿ
ಅಲ್ಟ್ರಾಸಾನಿಕ್ ಸಾಧನ ಸಿಗುತ್ತಲ್ಲ, 12 ವೋಲ್ಟಿನದು? ಬಾನೆಟ್ ಒಳಗೆ ಕೂರಿಸಿದರೆ ಮುಗೀತು.

ಸರ್ಕೀಟ್_ಸಾಹಿತಿ
@ಬೆಂಗಳೂರು_ಪದ್ಮಿನಿ ಮುಗಿಯಲ್ಲ. ಆ ಶಬ್ದ ಗೋಡೆ, ತಗಡು, ಸೀಟು ಯಾವುದನ್ನೂ ದಾಟಲ್ಲ. ಎಂಜಿನ್ ಅಡ್ಡ ಬಂದರೆ ಅದರ ಹಿಂದೆ ಇಲಿಗೆ ನೆಮ್ಮದಿ. ಕೆಲವು ದಿನದಲ್ಲಿ ಅಭ್ಯಾಸವೂ ಆಗುತ್ತೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥವನ್ನು ಮಾಡೋ, ಮಾರೋ 60ಕ್ಕೂ ಹೆಚ್ಚು ಕಂಪನಿಗಳಿಗೆ, ನಿಮ್ಮ ಮಾತಿಗೆ ವೈಜ್ಞಾನಿಕ ಪುರಾವೆ ಬೇಕು ಅಂತ ಎಚ್ಚರಿಕೆ ಪತ್ರ ಕಳಿಸಿತ್ತು. ಅದೂ ಅಲ್ಲದೆ ನಾಲ್ಕು ತಿಂಗಳು ಬ್ಯಾಟರಿ ಕನೆಕ್ಷನ್ ಬಿಟ್ಟಿರಬೇಕು ಅಂದರೆ ಜೀವಂತ ಬ್ಯಾಟರಿ ಕೇಳೋ ಸಾಧನವನ್ನ ಎಲ್ಲಿ ಕೂರಿಸ್ತೀರಿ?

ಟಿಂಕರಿಂಗ್_ಮನೆ
ವಾಸನೆ, ಶಬ್ದ ಬಿಡಿ. ತೂತು ಮುಚ್ಚೋದೊಂದೇ ದಾರಿ. ಪೆನ್ಸಿಲ್ ತೂರಿದರೆ ಸಣ್ಣ ಇಲಿ ತೂರುತ್ತೆ, ಅಂದರೆ 6 ಮಿ.ಮೀ. ಹೆಬ್ಬೆರಳು ತೂರಿದರೆ ಕಪ್ಪಿಲಿ.
ಹುಡುಕೋ ರೀತಿ ಹೀಗೆ. ರಾತ್ರಿ ಶೆಡ್ಡಿನ ದೀಪ ಆರಿಸಿ. ಕಾರಿನ ಒಳಗೆ ಕಾಲಿಡೋ ಜಾಗದಲ್ಲಿ ಜೋರು ಬೆಳಕಿನ ಎಲ್‌ಇಡಿ ಇಟ್ಟು, ಮ್ಯಾಟ್ ತೆಗೆದು, ಬಾಗಿಲು ಹಾಕಿ. ಈಗ ಬಾನೆಟ್ ಎತ್ತಿ ಫೈರ್‌ವಾಲ್, ಅಂದರೆ ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ ನೋಡಿ, ಆಮೇಲೆ ನೆಲಕ್ಕೆ ಮಲಗಿ ಅಡಿಯಿಂದ ನೋಡಿ. ಬೆಳಕು ಸೋರಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಹಳೇ ಗಾಡಿಯಲ್ಲಿ ಸಾಮಾನ್ಯವಾಗಿ ಸಿಗೋದು ಪೆಡಲ್ ಕಡ್ಡಿ ತೂರೋ ಸೀಳು, ಸ್ಟೀರಿಂಗ್ ಕಾಲಂ ಸುತ್ತಿನ ಒಣಗಿದ ರಬ್ಬರು, ಸ್ಪೀಡೋಮೀಟರ್ ಕೇಬಲ್ ತೂತು, ಹ್ಯಾಂಡ್‌ಬ್ರೇಕ್ ಕೇಬಲ್ ಹೊರಗೆ ಹೋಗೋ ಜಾಗ, ಡಿಕ್ಕಿ ನೆಲದ ಬಿದ್ದುಹೋದ ರಬ್ಬರ್ ಬಿರಡೆ. ಎರಡು ಗಂಟೆ ಕೆಲಸ. ಇದನ್ನ ಮಾಡದೆ ಬೇರೆ ಏನು ಮಾಡಿದರೂ ದಂಡ.
ರಬ್ಬರ್ ಗ್ರಾಮೆಟ್ (ಕೇಬಲ್ ತೂರೋ ತೂತಿಗೆ ಕೂರೋ ಬಳೆ) ಹೊಸದು ಹಾಕಿ. ಅದು ಸಿಗದ ಅಡ್ಡಾದಿಡ್ಡಿ ಸೀಳಿಗೆ ಪಾತ್ರೆ ತಿಕ್ಕೋ ಸ್ಟೇನ್‌ಲೆಸ್ ಸ್ಟೀಲ್ ನಾರನ್ನ ಬಿಗಿಯಾಗಿ ತುರುಕಿ.

ಅಂಬಿ_ಮಾರ್ಕ್‌2
ಕಾರ್ಪೆಂಟರ್‌ಗಳು ಉಜ್ಜಕ್ಕೆ ಬಳಸೋ ಸ್ಟೀಲ್ ವುಲ್ ಆದರೂ ಆಗುತ್ತಲ್ಲ?

ಟಿಂಕರಿಂಗ್_ಮನೆ
ಬೇಡ ಸಾರ್. ಅದು ಸಾದಾ ಕಬ್ಬಿಣ. ಮಲೆನಾಡಿನ ಗಾಳಿಗೆ ಹದಿನೈದು ದಿನದಲ್ಲಿ ತುಕ್ಕಾಗಿ ಪುಡಿ ಉದುರುತ್ತೆ, ಆ ತುಕ್ಕಿನ ನೀರು ಪೇಂಟಿಗೆ ಕಲೆ ಹಿಡಿಸುತ್ತೆ. ಸ್ಟೇನ್‌ಲೆಸ್ಸೇ ಆದರೂ ಬ್ಯಾಟರಿ ಟರ್ಮಿನಲ್, ಫ್ಯೂಸ್ ಬಾಕ್ಸ್, ಸೆಲ್ಫ್ ಮೋಟರ್ ಹತ್ತಿರ ಹಾಕಬೇಡಿ, ಶಾರ್ಟ್ ಆಗುತ್ತೆ. ತುರುಕಿದ ಪ್ರತಿ ಜಾಗವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಪೆಡಲ್ ಸೀಳಿನಲ್ಲಿ ಮರೆತ ನಾರು ಕ್ಲಚ್ ಕಡ್ಡಿಗೆ ಸುತ್ತಿಕೊಳ್ಳುತ್ತೆ.

ಮಂಡ್ಯ_ಮೋರಿಸ್
ಬಾಗಿಲ ಅಡಿ, ಸಿಲ್ (ಬಾಗಿಲ ಕೆಳಗಿನ ಪೊಳ್ಳು ತಗಡಿನ ಪಟ್ಟಿ) ಅಡಿ ಇರೋ ಸಣ್ಣ ತೂತುಗಳಿಗೆ ಎಂ-ಸೀಲ್ ಹಾಕ್ಬುಟ್ರೆ ಅಲ್ಲಿಂದ ಬರೋ ದಾರೀನೂ ಬಂದ್ ಆಗ್ತದಲ್ವಾ?

ಟಿಂಕರಿಂಗ್_ಮನೆ
ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ! ಅವು ನೀರು ಇಳಿಯೋ ತೂತು. ಗಾಜಿನ ಪಟ್ಟಿಯಿಂದ ಬಾಗಿಲೊಳಗೆ ಇಳಿದ ನೀರು, ಸಿಲ್ ಒಳಗೆ ಕಟ್ಟೋ ಬೆವರು, ಎಲ್ಲ ಅಲ್ಲಿಂದಲೇ ಹೊರಗೆ ಹೋಗಬೇಕು. ಮುಚ್ಚಿದರೆ ಇಲಿ ಬರಲ್ಲ ನಿಜ, ಎರಡು ಮಳೆಗಾಲಕ್ಕೆ ಸಿಲ್ಲೇ ಇರಲ್ಲ. 6 ಮಿ.ಮೀ.ಗಿಂತ ದೊಡ್ಡ ತೂತಿಗೆ ಮಾತ್ರ ಸ್ಟೇನ್‌ಲೆಸ್ ಜಾಲರಿಯ ತುಂಡನ್ನ ಕೊಳವೆ ಹಾಗೆ ಸುತ್ತಿ ಒಳಗೆ ತಳ್ಳಿ. ಬಿಟ್ಟ ಕೂಡಲೆ ಬಿಚ್ಚಿಕೊಂಡು ತಾನೇ ಗಟ್ಟಿ ಕೂರುತ್ತೆ, ನೀರೂ ಇಳಿಯುತ್ತೆ.

ಕರಾವಳಿ_ಹೆರಾಲ್ಡ್
ಜಾಲರಿ ತರುವಾಗ ಅಂಗಡಿಯವರು ಅರ್ಧ ಇಂಚಿನದ್ದು ಕೊಡ್ತಾರೆ, ಕೋಳಿಗೂಡಿನದ್ದು. ಅದು ಹೆಗ್ಗಣಕ್ಕೆ ಸಾಕು, ಸಣ್ಣ ಇಲಿ ಅದರಲ್ಲಿ ಆರಾಮಾಗಿ ದಾಟಿ ಹೋಗ್ತದೆ. ಕಾಲಿಂಚು ವೆಲ್ಡ್ ಮೆಶ್ ಅಂತ ಕೇಳಿ. ಹೆಣೆದ ಸೊಳ್ಳೆ ಪರದೆ, ನೈಲಾನು, ಅಲ್ಯೂಮಿನಿಯಂ ಯಾವುದೂ ಬೇಡ, ಕಡಿದು ಹಾಕ್ತದೆ.
ಸೈಲೆನ್ಸರ್ ಬಾಯಿಗೆ ಆ ಜಾಲರಿಯ ಟೋಪಿ ಮಾಡಿ ಹೋಸ್ ಕ್ಲಿಪ್ ಬಿಗಿಯಿರಿ. ಏರ್ ಫಿಲ್ಟರಿನ ಮೂತಿಗೂ ಹಾಗೆಯೇ. ಗಾಜಿನ ಕೆಳಗೆ ಗಾಳಿ ಬರುವ ಜಾಲಿ ಇರುವ ಗಾಡಿಯಾದರೆ ಅದರ ಮೇಲೆ ಜಾಲರಿ ಹಾಸಿ ಅಂಚಿಗೆ ಮಾಸ್ಕಿಂಗ್ ಟೇಪ್. ಹೀಟರ್ ಪೆಟ್ಟಿಗೆಯೊಳಗೆ ಒಮ್ಮೆ ಗೂಡು ಕಟ್ಟಿದರೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸದೆ ವಾಸನೆ ಹೋಗುವುದಿಲ್ಲ.

ಬೆಂಗಳೂರು_ಪದ್ಮಿನಿ
ಹಳೇ ಕಾರಿನ ವೈರ್ ಇಲಿ ತಿನ್ನಲ್ಲ ಅಂತಾರಲ್ಲ? ಈಗಿನ ಕಾರಿನ ವೈರಿಗೆ ಸೋಯಾ ಸೇರಿಸ್ತಾರೆ, ಅದಕ್ಕೇ ತಿನ್ನೋದು ಅಂತ.

ಸರ್ಕೀಟ್_ಸಾಹಿತಿ
ಇದು ಎಲ್ಲ ಕಡೆ ಓಡ್ತಿರೋ ಮಾತು, ಹಳೇ ಕಾರಿನವರು ಇದನ್ನ ನಂಬಿ ಕೂತರೆ ನಷ್ಟ. ಇಲಿಯ ಮುಂದಿನ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಸವೆಸಲೇಬೇಕು. ಪಿವಿಸಿ ವೈರೂ ಕಡಿಯುತ್ತೆ, ಬಟ್ಟೆ ಸುತ್ತಿದ ಹಳೇ ವೈರೂ ಕಡಿಯುತ್ತೆ. ಬಟ್ಟೆಯದ್ದಾದರೆ ಗೂಡಿಗೆ ನೂಲೂ ಸಿಕ್ಕಿತು.
ಹಳೇ ಗಾಡಿಯಲ್ಲಿ ಅಪಾಯ ಇನ್ನೂ ಜಾಸ್ತಿ, ಯಾಕೆ ಕೇಳಿ. ಲೂಕಾಸ್ ಕಂಪನಿಯ ವೈರಿಂಗ್ ಪದ್ಧತಿಯ ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿಯಿಂದ ಬರೋ ಕಂದು ಬಣ್ಣದ ಮುಖ್ಯ ತಂತಿಗೆ ಫ್ಯೂಸೇ ಇರಲ್ಲ. ಇಗ್ನಿಷನ್ ಆಫ್ ಇದ್ದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತೆ. ಅದನ್ನ ಕಡಿದು ತಾಮ್ರ ಬಾಡಿಗೆ ತಾಗಿದರೆ ತಡೆಯೋದು ಏನೂ ಇಲ್ಲ, ಹಾರ್ನೆಸ್, ಅಂದರೆ ವೈರುಗಳ ಕಟ್ಟಿನ ಉದ್ದಕ್ಕೂ ಬೆಂಕಿ. ಆದ್ದರಿಂದ ಗಾಡಿ ನಿಲ್ಲಿಸಿದ ದಿನವೇ ಬ್ಯಾಟರಿ ಬಿಚ್ಚಿ, ಮೊದಲು ಅರ್ತ್ ಟರ್ಮಿನಲ್, ಆಮೇಲೆ ಇನ್ನೊಂದು. ಮನೆಯೊಳಗೆ ತಂದಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಅಂಬಿ_ಮಾರ್ಕ್‌2
ಬ್ಯಾಟರಿ ವಿಷಯ ನೂರಕ್ಕೆ ನೂರು ಸರಿ. ಟ್ರಿಕಲ್ ಚಾರ್ಜರ್ (ಸದಾ ಸಣ್ಣಗೆ ಚಾರ್ಜ್ ಮಾಡ್ತಿರೋದು) ಹಾಕಿ ವೈರ್ ಗೋಡೆಯಿಂದ ಬಾನೆಟ್‌ಗೆ ಎಳೆದವರದ್ದು ಎರಡು ತಪ್ಪು. ಕರೆಂಟೂ ಇದೆ, ಇಲಿಗೆ ಸೇತುವೆಯೂ ಆಯ್ತು.

ಮಲೆನಾಡ_ಡಿಲೈಟ್
ತುಂಬಾ ಉಪಕಾರ. ಒಂದು ಯೋಚನೆ ಬಂತು. ತೆಂಗಿನ ಮರಕ್ಕೆ ತಗಡು ಸುತ್ತೋದಿಲ್ವಾ ಇಲಿ ಹತ್ತದ ಹಾಗೆ? ಹಾಗೇ ಗಾಡಿಯನ್ನ ನಾಲ್ಕು ಸ್ಟ್ಯಾಂಡ್ ಮೇಲೆ ಎತ್ತಿ ಪ್ರತಿ ಸ್ಟ್ಯಾಂಡಿಗೂ ತಗಡಿನ ಕೊಡೆ ಕಟ್ಟಿದರೆ?

ಟಿಂಕರಿಂಗ್_ಮನೆ
ಯೋಚನೆ ಚೆನ್ನಾಗಿದೆ, ಆದರೆ ಎತ್ತರ ಸಾಲಲ್ಲ. ಮರದಲ್ಲಿ ತಗಡು ಆಳೆತ್ತರಕ್ಕಿಂತ ಮೇಲಿರುತ್ತೆ. ಸ್ಟ್ಯಾಂಡ್ ಮೇಲೆ ಕೂತ ಗಾಡಿಯ ಸಿಲ್ಲು ನೆಲದಿಂದ ಒಂದೂವರೆ ಅಡಿ. ದೊಡ್ಡ ಇಲಿ ಎರಡೂವರೆ ಅಡಿವರೆಗೂ ಎಗರುತ್ತೆ. ಕೊಡೆ ತಾಕೋದೇ ಬೇಡ, ನೇರ ಸಿಲ್ಲಿಗೆ.
ಕೊಡೆ ಬದಲು ಬೇಲಿ ಹಾಕಿ. ಜಿ.ಐ. ಸಪಾಟು ಶೀಟು, 3 ಅಡಿ ಅಗಲದ್ದು, ಗಾಡಿ ಸುತ್ತ ಎರಡೆರಡು ಅಡಿ ಬಿಟ್ಟು ನಿಲ್ಲಿಸಿ. ನಿಮ್ಮ ಡಿಲೈಟ್ ಸುಮಾರು 13 ಅಡಿ ಉದ್ದ, 5 ಅಡಿ ಅಗಲ. ಅಂದರೆ 17ಕ್ಕೆ 9 ಅಡಿ ಆವರಣ, ಸುತ್ತಳತೆ 52 ಅಡಿ. 8 ಅಡಿ ಉದ್ದದ ಶೀಟು 7 ಬೇಕು, ಜೋಡಿಸೋ ಕಡೆ ಮೂರು ಇಂಚು ಒಂದರ ಮೇಲೊಂದು ಬರಲಿ. ಗೂಟ, ಕೋನದ ಪಟ್ಟಿ ಎಲ್ಲ ಒಳಬದಿಗೆ. ಹೊರಬದಿಗೆ ಒಂದು ಮೊಳೆ ತಲೆ ಎದ್ದಿದ್ದರೂ ಅದೇ ಮೆಟ್ಟಿಲು. ಅಲೆ ಇರೋ ಛಾವಣಿ ಶೀಟು ತರಬೇಡಿ, ಪ್ರತಿ ಅಲೆಯ ಅಡಿಯಲ್ಲೂ ಒಂದು ಬಾಗಿಲು. ಸಿಮೆಂಟ್ ನೆಲದ ಕಡೆ ಅಡಿಗೆ ಗಾರೆ ಒತ್ತಿ. ಮಣ್ಣಿನ ಕಡೆ ಅರ್ಧ ಅಡಿ ಅಗೆದು ಜಾಲರಿಯನ್ನ ಹೊರಕ್ಕೆ ಮಡಿಸಿ ಹೂಳಿ, ಶೀಟಿನ ಅಡಿಗೆ ಸೇರಿಸಿ. ಹೆಗ್ಗಣ ಗೋಡೆ ಬುಡದಲ್ಲೇ ತೋಡೋದು, ಜಾಲರಿ ಸಿಕ್ಕಿದರೆ ಬಿಡುತ್ತೆ.

ಸರ್ಕೀಟ್_ಸಾಹಿತಿ
@ಟಿಂಕರಿಂಗ್_ಮನೆ ನಿಮ್ಮ ಬೇಲಿ ಆರ್‌ಸಿಸಿ ಗ್ಯಾರೇಜಿಗೆ ಸರಿ. ಇವರದ್ದು ಹೆಂಚಿನ ಮಾಡು! ಕಪ್ಪಿಲಿ ನೆಲಕ್ಕೆ ಇಳಿಯೋದೇ ಅಪರೂಪ. ರೀಪಿನ ಮೇಲೆ ಓಡಾಡಿ ನೇರ ಕಾರಿನ ಟಾಪಿಗೆ ಬೀಳುತ್ತೆ. ಮೂರು ಅಡಿ ಬೇಲಿ ಕಟ್ಟಿ ಕೂತರೆ, ಬಿದ್ದ ಇಲಿ ಹೊರಗೆ ಹೋಗೋಕಾಗದೆ ಕಾರಲ್ಲೇ ಬಿಡಾರ ಹೂಡುತ್ತೆ.

ಟಿಂಕರಿಂಗ್_ಮನೆ
ಒಪ್ಪಿದೆ, ಮಾಡಿನ ವಿಷಯ ಬಿಟ್ಟುಹೋಗಿತ್ತು. ಆದರೆ ಹೆಗ್ಗಣಕ್ಕೆ, ಸಣ್ಣ ಇಲಿಗೆ ಬೇಲಿ ಬೇಕೇ ಬೇಕು. ಮೇಲಿಂದ ಬರೋದಕ್ಕೆ ಬೋನು.

ಕರಾವಳಿ_ಹೆರಾಲ್ಡ್
ನಮ್ಮ ಕಡೆ ಎಲ್ಲ ಹೆಂಚಿನ ಮಾಡೇ. ಪಕ್ಕಾಸು (ಮಾಡಿನ ಓರೆ ಮರ) ಗೋಡೆಗೆ ಕೂರುವ ಜಾಗ ಟಾರ್ಚ್ ಹಾಕಿ ನೋಡಿ. ಇಲಿ ದಿನಾ ಹೋಗುವ ದಾರಿಯಲ್ಲಿ ಮೈಯ ಜಿಡ್ಡು ತಾಗಿ ತಾಗಿ ಮರ ಕಪ್ಪಾಗಿ ಮಿರಿಮಿರಿ ಹೊಳೆಯುತ್ತದೆ. ಬೋನು ಅಲ್ಲಿಡಬೇಕು, ನೆಲದಲ್ಲಲ್ಲ. ಮರದ ಹಲಗೆಯ ಸ್ಪ್ರಿಂಗ್ ಬೋನನ್ನು ಆ ಪಕ್ಕಾಸಿಗೇ ಕಟ್ಟುತಂತಿಯಿಂದ ಬಿಗಿಯಿರಿ, ಇಲ್ಲದಿದ್ದರೆ ಇಲಿ ಸಮೇತ ಕೆಳಗೆ ಗಾಜಿನ ಮೇಲೆ ಬೀಳ್ತದೆ.
ಸುಟ್ಟ ಕೊಬ್ಬರಿ ಚೂರು ಅಥವಾ ಒಣ ಮೀನು, ದಾರದಲ್ಲಿ ಕಟ್ಟಿ. ಸುಮ್ಮನೆ ಇಟ್ಟರೆ ಬೋನು ಬೀಳದ ಹಾಗೆ ಹಗುರವಾಗಿ ಎತ್ತಿಕೊಂಡು ಹೋಗ್ತದೆ. ಮೊದಲ ಮೂರು ರಾತ್ರಿ ಸ್ಪ್ರಿಂಗ್ ಏರಿಸದೆ ಬರೀ ತಿಂಡಿ ಇಡಿ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಗುಮಾನಿ. ನಾಲ್ಕನೇ ರಾತ್ರಿ ಎಲ್ಲವನ್ನೂ ಒಟ್ಟಿಗೆ ಏರಿಸಿ. ಒಂದೆರಡು ಬೋನಿಂದ ಆಗುವುದಿಲ್ಲ, ಆರಾದರೂ ಬೇಕು.

ಧಾರವಾಡದ_ಜೀಪ್
ಸಣ್ಣ ಇಲಿ ಉಲ್ಟಾ ರೀ. ಹೊಸಾದು ಕಂಡ್ರ ಮೊದಲ ಬಂದು ಮೂಸ್ತದ. ಅದಕ್ಕ ಮೊದಲ ರಾತ್ರಿನ ಬೋನು ಏರಿಸ್ರಿ. ಗ್ವಾಡಿಗೆ ಅಡ್ಡಡ್ಡ, ತಿಂಡಿ ಇರೋ ತುದಿ ಗ್ವಾಡಿ ಕಡೆ. ಇಲಿ ನಡುಮಧ್ಯ ಓಡಾಡಂಗಿಲ್ಲ, ಗ್ವಾಡಿಗೆ ಒರಸಿಕೊಂಡೇ ಹೋಗೂದು.

ಮಂಡ್ಯ_ಮೋರಿಸ್
ಇಷ್ಟೆಲ್ಲಾ ಯಾಕೆ? ಅಂಗಡೀಲಿ ಸಿಗೋ ವಿಷದ ಬಿಲ್ಲೆ ನಾಕು ಎಸೆದ್ರೆ ಆಯ್ತು.

ಸರ್ಕೀಟ್_ಸಾಹಿತಿ
ಆ ನೀಲಿ ಬಿಲ್ಲೆ ಬ್ರೊಮಾಡಿಯೊಲೋನ್, 0.005%. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ವಿಷ. ತಿಂದ ಮೇಲೆ ಸಾಯೋಕೆ ನಾಲ್ಕೈದು ದಿನ ಬೇಕು, ಅಷ್ಟರಲ್ಲಿ ಇಲಿ ಎಲ್ಲಿ ಹೋಗಿ ಮಲಗುತ್ತೆ? ಕತ್ತಲಿರೋ, ಬೆಚ್ಚಗಿರೋ ಜಾಗಕ್ಕೆ. ಅಂದರೆ ನಿಮ್ಮ ಸೀಟಿನ ನಾರಿನೊಳಕ್ಕೆ, ಬಾಗಿಲ ಪ್ಯಾನಲ್ ಹಿಂದಕ್ಕೆ. ಆ ಸತ್ತ ಇಲಿ ತಿಂದ ಬೆಕ್ಕು, ಗೂಬೆಗೂ ವಿಷ ಏರುತ್ತೆ. ಕಾರಿರೋ ಶೆಡ್ಡಲ್ಲಿ ವಿಷ ಬೇಡವೇ ಬೇಡ. ಹೊಲದವರು ಬಳಸೋ ಜಿಂಕ್ ಫಾಸ್ಫೈಡಂತೂ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತೆ, ಮುಚ್ಚಿದ ಶೆಡ್ಡಲ್ಲಿ ಮನುಷ್ಯರಿಗೇ ಅಪಾಯ. ಅಂಟಿನ ಹಲಗೆಯೂ ಬೇಡ. ಅದನ್ನ ಬಳಸಬಾರದು ಅಂತ ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ. ಇಲಿ ಗಂಟೆಗಟ್ಟಲೆ ನರಳುತ್ತೆ, ಹಲ್ಲಿ, ಓತಿಕೇತ, ಹಕ್ಕಿ ಎಲ್ಲ ಅಂಟಿಕೊಳ್ತವೆ.

ಮಂಡ್ಯ_ಮೋರಿಸ್
ಗೂಬೆ ವಿಷ್ಯ ಗೊತ್ತಿರ್ಲಿಲ್ಲ. ಸರಿ, ಬೋನೇ ಇರ್ಲಿ.

ಅಂಬಿ_ಮಾರ್ಕ್‌2
ಕೇರೆ ಹಾವು ಕಂಡರೂ ಹೊಡೀಬೇಡಿ ಅಂತ ಇದರ ಜೊತೆ ಸೇರಿಸಿ. ವಿಷ ಇಲ್ಲದ ಹಾವು, ಇಲಿಯೇ ಅದರ ಊಟ. ಇಲಿ ಇರೋ ಶೆಡ್ಡಿಗೆ ನಾಗರವೂ ಬರುತ್ತೆ, ಅದಕ್ಕೇ ಕಾರಿನ ಅಡಿ ಕೈ ಹಾಕೋ ಮುಂಚೆ ಟಾರ್ಚ್ ಬಿಡಿ.

ಮಿಶಿಗನ್_ಕನ್ನಡಿಗ
ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಹಿಮಕ್ಕೆ ಹೆದರಿ ಗಾಡಿ ಒಳಗಿಡೋದು, ತೊಂದರೆ ಮಾತ್ರ ಒಂದೇ. ಇಲ್ಲಿನವರ ಹೊಗೆಸೊಪ್ಪು ಅಂದರೆ ಬಟ್ಟೆ ಒಣಗಿಸೋ ಯಂತ್ರಕ್ಕೆ ಹಾಕೋ ಪರಿಮಳದ ಹಾಳೆ. ವಸಂತಕ್ಕೆ ಬಾನೆಟ್ ತೆಗೆದರೆ ಅದೇ ಹಾಳೆಯನ್ನ ಚೂರು ಮಾಡಿ ಕಟ್ಟಿದ ಗೂಡು ಸಿಗುತ್ತೆ. ಪುದೀನಾ ಎಣ್ಣೆಯ ಘಾಟೂ ಕೆಲವೇ ದಿನ. ಸ್ವಲ್ಪ ಪ್ರಯೋಜನ ಇರೋದು ಹೋಂಡಾದವರು ಮಾರೋ ಖಾರದ ಟೇಪಿನಿಂದ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸೇರಿಸಿದ್ದು, ಹಾರ್ನೆಸ್ ಮೇಲೆ ಸುತ್ತಬಹುದು. ಕಡಿಯೋದು ತಪ್ಪುತ್ತೆ, ಗೂಡು ಕಟ್ಟೋದು ತಪ್ಪಲ್ಲ. ಸುತ್ತುವಾಗ ಕೈಗವಸು ಹಾಕಿ, ಕಣ್ಣು ಮುಟ್ಟಬೇಡಿ.
ಗೂಡು ಸಿಕ್ಕರೆ ಒಣದಾಗಿ ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಇಲ್ಲಿ ಆ ಧೂಳಿನಿಂದ ಹಂಟಾ ವೈರಸ್ ಭಯ.

ಕರಾವಳಿ_ಹೆರಾಲ್ಡ್
ನಮ್ಮಲ್ಲಿ ಭಯ ಇಲಿ ಜ್ವರದ್ದು. ಇಲಿ ಮೂತ್ರದ ತೇವ ಕೈಯ ಗಾಯಕ್ಕೆ ತಾಗಿದರೆ ಸಾಕು. ರಬ್ಬರ್ ಕೈಗವಸು, ಮಾಸ್ಕ್ ಹಾಕಿ. 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ ಗೂಡಿಗೆ ಸಿಂಪಡಿಸಿ, ಹತ್ತು ನಿಮಿಷ ನೆನೆಯಲಿ, ಆಮೇಲೆ ಕಾಗದದಿಂದ ಒರೆಸಿ ತೆಗೆಯಿರಿ. ಲೋಹಕ್ಕೆ ಬ್ಲೀಚ್ ತಾಗಿದ ಕಡೆ ಕೂಡಲೆ ಸಾದಾ ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ತುಕ್ಕು. ಇಲಿ ಮೂತ್ರವೂ ಅಷ್ಟೇ, ಗೂಡಿನ ಅಡಿಯ ತಗಡು ಪೇಂಟಿನ ಕೆಳಗೇ ತಿಂದು ಹೋಗಿರ್ತದೆ.

ಮಲೆನಾಡ_ಡಿಲೈಟ್
ಕವರ್ ಮತ್ತು ಬಾನೆಟ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನುಸಿ ಗುಳಿಗೆಯೂ ಉಳೀತು.

ಅಂಬಿ_ಮಾರ್ಕ್‌2
ನೆಲದವರೆಗೆ ಇಳಿಬಿಡೋ ಕವರ್ ಬೇಡ. ಒಳಗೆ ಕತ್ತಲೆ, ಬೆಚ್ಚಗೆ, ಹತ್ತೋಕೆ ಬಟ್ಟೆ. ಧೂಳಿಗೆ ತೆಳ್ಳನೆ ಹತ್ತಿ ಬಟ್ಟೆ ಟಾಪಿನ ಮೇಲೆ ಮಾತ್ರ ಹಾಸಿ, ಗಾಜಿನ ಕೆಳಗೆ ಇಳೀಬಾರದು. ಬಾನೆಟ್ ತೆರೆದಿಡಿ. ಬೆಳಕು, ಗಾಳಿ ಆಡುವ ಕಡೆ ಗೂಡು ಕಟ್ಟೋದು ಕಡಿಮೆ. ಹಿಂದಿನ ಸೀಟಿನ ಕುಶನ್ ಎತ್ತಿ ಮನೆಯೊಳಗೆ ತಂದಿಡಿ, ನಾರು ಅಲ್ಲೇ ಜಾಸ್ತಿ ಇರೋದು. ಗೋಣಿಚೀಲ, ಒರೆಸೋ ಬಟ್ಟೆ, ಕಾಗದ, ಗ್ಲವ್ ಬಾಕ್ಸಿನ ಬಿಸ್ಕತ್ತು ಪೊಟ್ಟಣ ಒಂದೂ ಉಳೀಬಾರದು.

ಟಿಂಕರಿಂಗ್_ಮನೆ
ಬಾನೆಟ್ ತೆರೆಯೋದು ಮಾಡು ಸೋರದಿದ್ದರೆ ಮಾತ್ರ. ಒಂದು ಹೆಂಚು ಒಡೆದು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಭಾಗ) ಮೇಲೆ ನಾಲ್ಕು ತಿಂಗಳು ಹನಿ ಬಿದ್ದರೆ ಇಲಿಗಿಂತ ದೊಡ್ಡ ನಷ್ಟ. ನುಸಿ ಗುಳಿಗೆ ಹಾಕಬೇಡಿ. ಆ ವಾಸನೆ ಟಾಪಿನ ಬಟ್ಟೆಗೆ, ರೆಕ್ಸಿನ್ನಿಗೆ ಹತ್ತಿದರೆ ವರ್ಷವಾದರೂ ಹೋಗಲ್ಲ. ನ್ಯಾಫ್ತಲೀನ್ ಆವಿ ಮಕ್ಕಳ ಮೈಗೂ ಒಳ್ಳೇದಲ್ಲ, ಮುಚ್ಚಿದ ಕಾರಲ್ಲಿ ಇಲಿಗಿಂತ ಅವರಿಗೇ ಜಾಸ್ತಿ ತಾಗುತ್ತೆ.

ಬೆಂಗಳೂರು_ಪದ್ಮಿನಿ
ಕಡಿದ ವೈರಿಗೆ ಇನ್ಸುಲೇಷನ್ ಟೇಪ್ ಸಾಕಾ? ನಮ್ಮ ಏರಿಯಾದ ಎಲೆಕ್ಟ್ರಿಷಿಯನ್‌ಗಳು ಅಷ್ಟೇ ಮಾಡೋದು.

ಸರ್ಕೀಟ್_ಸಾಹಿತಿ
ಸಾಲಲ್ಲ. ತಾಮ್ರ ಹೊಳೆಯೋ ಜಾಗ ಸಿಗೋವರೆಗೆ ಹಿಂದಕ್ಕೆ ಕತ್ತರಿಸಿ. ಮೂತ್ರ ತಾಗಿದ ತಾಮ್ರ ಕಪ್ಪಾಗಿರುತ್ತೆ, ಅದಕ್ಕೆ ಬೆಸುಗೆ ಹಿಡಿಯಲ್ಲ. ಅದೇ ದಪ್ಪದ, ಅದೇ ಬಣ್ಣದ ತುಂಡು ಸೇರಿಸಿ. ಹೆಡ್‌ಲೈಟಿಗೆ 28/0.30 (0.30 ಮಿ.ಮೀ. ದಪ್ಪದ 28 ಎಳೆ), ಅಂದರೆ 2 ಚ.ಮಿ.ಮೀ., ಸಣ್ಣ ದೀಪಗಳಿಗೆ 14/0.30. ಬೆಸುಗೆ ಹಾಕೋ ಮುಂಚೆಯೇ ಹೀಟ್ ಶ್ರಿಂಕ್ ಕೊಳವೆ (ಬಿಸಿಗೆ ಕುಗ್ಗಿ ಬಿಗಿಯಾಗೋದು) ತೂರಿಸಿಟ್ಕೊಳ್ಳಿ. ಒಂದು ಕಡಿತ ಕಂಡರೆ ಅದರ ಪಕ್ಕದ ಒಂದಡಿ ಹಾರ್ನೆಸ್ ಪೂರ್ತಿ ಬಿಚ್ಚಿ ನೋಡಿ.

ಧಾರವಾಡದ_ಜೀಪ್
ಪೆಟ್ರೋಲ್ ಪೈಪ್ ಮರೀಬ್ಯಾಡ್ರಿ! ಪಂಪಿನ ಹತ್ರ ಇರೋ ರಬ್ಬರ್ ತುಂಡು ಇಲಿಗೆ ಭಾಳ ಸೇರ್ತದ. ಅದು ತೂತಾಗಿದ್ದು ಗೊತ್ತಾಗದ ಸೆಲ್ಫ್ ಹೊಡದ್ರ ಬಿಸಿ ಮ್ಯಾನಿಫೋಲ್ಡ್ (ಎಂಜಿನ್ ಹೊಗಿ ಹೊರಗ ಹೋಗೋ ಕೊಳವಿ) ಮ್ಯಾಲೆ ಪೆಟ್ರೋಲ್.

ಟಿಂಕರಿಂಗ್_ಮನೆ
ಇದಕ್ಕೇ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಸ್ಟಾರ್ಟ್ ಮಾಡೋ ಕ್ರಮ ಮುಖ್ಯ. ಮೊದಲು ಸೈಲೆನ್ಸರ್ ಟೋಪಿ, ಆಮೇಲೆ ಏರ್ ಫಿಲ್ಟರ್ ಮುಚ್ಚಳ ತೆಗೆದು ಕೈಯಾಡಿಸಿ. ಅಲ್ಲಿ ಕೂಡಿಟ್ಟ ಭತ್ತದ ಹೊಟ್ಟು, ಅಡಿಕೆ ಸಿಪ್ಪೆ ಕಾರ್ಬೊರೇಟರ್‌ಗೆ ಇಳಿದರೆ ಕೆಲಸ ಕೆಟ್ಟಿತು. ಮ್ಯಾನಿಫೋಲ್ಡ್ ಮೇಲೆ ಗೂಡಿನ ಕಸ ಇದೆಯಾ ನೋಡಿ, ಬಿಸಿಯಾದರೆ ಅದೇ ಹೊತ್ತಿಕೊಳ್ಳೋದು. ಪೆಟ್ರೋಲ್ ಪೈಪ್ ಒಣಬಟ್ಟೆಯಲ್ಲಿ ಒರೆಸಿ, ಪಂಪಿನ ಕೈಹಿಡಿ ಒತ್ತಿ ಸೋರುತ್ತಾ ನೋಡಿ. ಬ್ಯಾಟರಿ ಎಲ್ಲಕ್ಕಿಂತ ಕೊನೆಗೆ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇರಲಿ.

ಮಲೆನಾಡ_ಡಿಲೈಟ್
ಕಾಲಿಂಚು ಜಾಲರಿ, 7 ಶೀಟು, 6 ಬೋನು, ಸ್ಟೇನ್‌ಲೆಸ್ ನಾರು ಒಂದು ಡಜನ್ ಪಟ್ಟಿ ಮಾಡಿದೆ. ಹಿಂಡಿ ಈ ಭಾನುವಾರವೇ ಕೊಟ್ಟಿಗೆಗೆ ಹೋಗುತ್ತೆ, ಡ್ರಮ್ಮೂ ಹೇಳಿದ್ದಾಯ್ತು. ಅಡಿಕೆ ಚೀಲಕ್ಕೆ ಬೇರೆ ಜಾಗ ಇಲ್ಲ. ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಸರ್ಕೀಟ್_ಸಾಹಿತಿ
ವಾರಕ್ಕೊಮ್ಮೆ, ತಪ್ಪಿಸಬೇಡಿ. ಇಲಿಗೆ ಬಸಿರು ಮೂರೇ ವಾರ. ತಿಂಗಳಿಗೊಮ್ಮೆ ನೋಡ್ತೀನಿ ಅಂದರೆ ಅಷ್ಟರಲ್ಲಿ ಮರಿ ಆಗಿರುತ್ತೆ. ಅಡಿಕೆ ಚೀಲವನ್ನ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಮರದ ಹಲಗೆ ಮೇಲೆ ಜೋಡಿಸಿ, ಹಿಂದೆ ಮುಂದೆ ಟಾರ್ಚ್ ಬಿಡೋಕೆ ಜಾಗ ಸಿಗುತ್ತೆ.

ಕರಾವಳಿ_ಹೆರಾಲ್ಡ್
ಸೈಲೆನ್ಸರ್ ಟೋಪಿ, ಏರ್ ಫಿಲ್ಟರ್ ಜಾಲರಿ ಎರಡನ್ನೂ ಬರೆದ ಕೆಂಪು ಚೀಟಿಯನ್ನು ಕೀ ಗೊಂಚಲಿಗೇ ಕಟ್ಟಿ. ಸ್ಟೀರಿಂಗ್‌ಗೆ ಕಟ್ಟಿದರೆ ಅದನ್ನೂ ಇಲಿ ಒಯ್ಯುತ್ತದೆ.